ಇಪ್ಪತ್ತಾರು ಡಿಗ್ರಿಯ ಹಸಿರು ಹುಳು

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಚಿಕ್ಕಪ್ಪನ ಕಂಪ್ಯೂಟರ್ ಸುಳ್ಳು ಹೇಳಲು ಶುರುಮಾಡಿತು. ಅಲ್ಲಿಯತನಕ ಆ ಮನೆಯಲ್ಲಿ ಸುಳ್ಳು ಹೇಳುವ ಹಕ್ಕು ಚಿಕ್ಕಪ್ಪನಿಗೆ ಮಾತ್ರ ಇತ್ತು!

ಮಾಂಬಳ್ಳಿಯಲ್ಲಿ ರೇಷ್ಮೆ ಹುಳು ಸಾಕುವ ಈ ಮನುಷ್ಯನಿಗೆ ಕಂಪ್ಯೂಟರ್ ತೆರೆಯ ಮೇಲೆ ಪುಟ್ಟ ಪುಟ್ಟ ಕಿಟಕಿ ಕಟ್ಟುವ ಹುಚ್ಚು. ವಿಜೆಟ್ ಅನ್ನುತ್ತಾರಲ್ಲ, ಅವು. ಕೊಳ್ಳೇಗಾಲದ ಬಸ್ಸಿಗೊಂದು, ಕರೆಂಟಿಗೊಂದು, ಚಿಕ್ಕಮ್ಮನ ಕೋಪಕ್ಕೂ ಒಂದು (ಅದು ಸದಾ ಕೆಂಪು!). ಸಾಮಾನೆಲ್ಲ ಓಪನ್ ಸೋರ್ಸ್. ಯಾರೋ ಪುಣ್ಯಾತ್ಮರು ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು.

"ಇದು ಮಠದ ದಾಸೋಹ ಇದ್ದಂಗೆ ಕಣ್ಲಾ. ಬಿಟ್ಟಿ ಉಂಡು ಎದ್ದೋಗಬಾರ್ದು, ನಾವೂ ಒಂದೀಟು ಸೌದೆ ಒಡೆದು ಕೊಡಬೇಕು," ಎನ್ನುತ್ತಿದ್ದರು. ಮನೆಯ ಸೌದೆ ಒಡೆಯುತ್ತಿದ್ದವರು ಯಾರು? ಚಿಕ್ಕಮ್ಮ!

ಒಮ್ಮೆ ಹಾಲು ಉಕ್ಕುವ ಮುನ್ನ ಕೂಗುವ ವಿಜೆಟ್ ಮಾಡಿದರು. ತೆರೆಯ ಮೇಲಿನ ಪಾತ್ರೆಗೆ ಹಿಡಿ ಕೂರಿಸುತ್ತಿದ್ದಾಗ ಒಲೆಯ ಮೇಲಿನ ಹಾಲು ಉಕ್ಕಿ ಅರ್ಧವಾಯಿತು. "ಇವತ್ತು ಆ ಪೆಟ್ಟಿಗೆ ಹಾಲ್ನೇ ಕುಡೀರಿ," ಎಂದರು ಚಿಕ್ಕಮ್ಮ.

ಆದರೆ ಹುಳು ಮನೆಯ ಶಾಖ ತೋರಿಸುವ ವಿಜೆಟ್ ನಿಜಕ್ಕೂ ಚೆಂದ. ಅಲ್ಲಿನ ಶಾಖಮಾಪಕದಿಂದ ಪಡಸಾಲೆಯ ಕಂಪ್ಯೂಟರಿಗೆ ತಂತಿ ಎಳೆದಿದ್ದರು. ಶಾಖ ಸರಿಯಿದ್ದರೆ ತೆರೆಯ ಮೇಲೆ ಡಿಗ್ರಿಯ ಅಂಕಿ, ಅದರ ಪಕ್ಕ ಒಂದು ಹಸಿರು ಹುಳು ಎಲೆ ಮೇಯುತ್ತಿತ್ತು. ತಂತಿ ಸಡಿಲವಾದರೆ ಪ್ರಶ್ನೆಚಿಹ್ನೆ. ದಿನಕ್ಕೆ ಹತ್ತು ಸಲ ಪ್ರಶ್ನೆಚಿಹ್ನೆ, ಹತ್ತು ಸಲ ಓಟ! ಡಿಗ್ರಿ ಓದಿ ಆಗ ಅವರ ಮನೆಯಲ್ಲೇ ಇದ್ದ ನಾನು ಸುಮ್ಮನಿರಲಾಗದೆ ಬುದ್ಧಿ ಹೇಳಿದೆ: "ಚಿಕ್ಕಪ್ಪ, ಸುದ್ದಿ ಬರದಿದ್ರೆ ಹಿಂದೆ ಬಂದ ಅಂಕಿನೇ ನಿಂತಿರಲಿ. ನೋಡೋಕಾದ್ರೂ ಲಕ್ಷಣವಾಗಿರುತ್ತೆ."

ಚಿಕ್ಕಪ್ಪ ಹಾಗೇ ತಿದ್ದಿ ಬರೆದರು. ಲಕ್ಷಣವಾಗಿಯೇ ಇತ್ತು. ಆ ಚಳಿಗಾಲದ ಮಧ್ಯಾಹ್ನ ಚಿಕ್ಕಮ್ಮ ಹುಳು ಮನೆಯ ಕಿಟಕಿ ಬಾಗಿಲು ಮುಚ್ಚಿ, ಇದ್ದಿಲ ಕೆಂಡ ಇಟ್ಟುಕೊಂಡು ಸೊಪ್ಪು ಹಾಕುತ್ತಿದ್ದರು. ಸೊಪ್ಪಿನ ಕುಕ್ಕೆ ತಗುಲಿ ತಂತಿ ಕಿತ್ತುಹೋಗಿತ್ತು. ಕೊನೆಯ ಅಂಕಿ ಬಂದದ್ದು ಮೂರೂ ಹತ್ತಕ್ಕೆ ಎಂದು ಆಮೇಲೆ ಗೊತ್ತಾಯಿತು. ನಾವಿಬ್ಬರೂ ತೆರೆಯ ಮುಂದೆ ಕೂತಿದ್ದೆವು.

"ನೋಡ್ಲಾ, ಇಪ್ಪತ್ತಾರು! ಎಂಗ್ ನಿಂತದೆ, ಒಂಚೂರೂ ಅಲ್ಲಾಡ್ದಂಗೆ!"

ನಾಲ್ಕು ಗಂಟೆಗೆ ಎದ್ದು ಹೋದೆವು. ಚಿಕ್ಕಮ್ಮನನ್ನು ನೋಡಲು ಅಲ್ಲ. ಕಾಫಿ ಬಂದಿರಲಿಲ್ಲ, ಅದಕ್ಕೆ!

ಬಾಗಿಲು ತೆಗೆದರೆ ಧಗೆ ಮುಖಕ್ಕೆ ರಾಚಿತು. ಚಿಕ್ಕಮ್ಮ ಹುಳುವಿನ ತಟ್ಟೆಗಳ ಕೆಳಗೆ ಬಿದ್ದಿದ್ದರು, ಮುಷ್ಟಿಯಲ್ಲಿ ಸೊಪ್ಪು. ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆ ಮುಟ್ಟುವವರೆಗೂ ಚಿಕ್ಕಪ್ಪ ಅವರ ಮೂಗಿನ ಕೆಳಗೆ ಬೆರಳು ಹಿಡಿದೇ ಇದ್ದರು.

ಬದುಕಿದರು. ಕೆಂಡದ ವಿಷಗಾಳಿ ಎಂದರು ಡಾಕ್ಟರು. ನಮಗೆ ಕಾಫಿಯ ಚಟ ಇಲ್ಲದಿದ್ದರೆ? ಈಗಲೂ ಕಣ್ಣು ಮುಚ್ಚಿದರೆ ಆ ಹಸಿರು ಹುಳು ಮೇಯುತ್ತಲೇ ಇರುತ್ತದೆ.

"ಬುದ್ಧಿ ಹೇಳಿದ್ದು ನಾನು, ಚಿಕ್ಕಪ್ಪ," ಎಂದೆ ಒಂದು ದಿನ.

"ಬರ್ದ ಕೈ ನಂದಲ್ವೇನ್ಲಾ?" ಎಂದರು.

ಇದ್ದಿಲು ಮನೆ ಬಿಟ್ಟಿತು, ಪ್ರಶ್ನೆಚಿಹ್ನೆ ತೆರೆ ತುಂಬುವಷ್ಟು ದೊಡ್ಡದಾಗಿ ವಾಪಸು ಬಂತು. ಚಿಕ್ಕಪ್ಪನಿಗೆ ನಿದ್ದೆ ಮಾತ್ರ ಬರಲಿಲ್ಲ. ರಾತ್ರಿಯೆಲ್ಲ ಗಂಟೆಗೊಮ್ಮೆ ಅವರ ಕೂಗು: "ಇವಳೇ, ಇದ್ದೀಯಾ?" "ಇವ್ನಿ, ಕಣ್ಮುಚ್ಚಿ ಮನೀಕಳಿ," ಎನ್ನುವರು ಚಿಕ್ಕಮ್ಮ.

ನಾನು ನನ್ನೂರಿಗೆ ಮರಳಿದ ಮೇಲೆ, ಹೋದ ಸೋಮವಾರ ಬೆಳಿಗ್ಗೆ ಚಿಕ್ಕಮ್ಮನ ಫೋನು.

"ರಾತ್ರಿ ಒಂದ್ಕಿತಾನೂ ಕೂಗ್ನಿಲ್ಲ ಕಣಪ್ಪ ನಿಮ್ ಚಿಕ್ಕಪ್ಪ. ನಂಗೇ ದಿಗಿಲಾಗಿ, ಮೂಗಿನ್ ಕೆಳಗೆ ಬೆರಳಿಟ್ಟು ನೋಡ್ದೆ."

"ಆಮೇಲೆ?"

"ಬೆಚ್ಚಗಿತ್ತು. ನಾನೂ ಮನೀಕಂಡೆ, ಬೆಳಗಾಗೋಗಂಟ."