ಹುಳ ಇರೋದು ಪಕ್ಕದ ಮನೇಲಿ

ಮನೆಮನೆಗೆ ಹೋಗಿ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ನಾಳೆ ಬೆಳಿಗ್ಗೆ ಇದರಲ್ಲಿ ಮಲ ಹಾಕಿಡಿ ಅಂತ ಕೇಳೋ ಕೆಲಸ ನನ್ನದು. ಇದರಲ್ಲಿ ದಿನಕ್ಕೊಂದು ಪ್ರಸಂಗ ಆಗದಿದ್ದರೇ ಆಶ್ಚರ್ಯ. ನಮ್ಮ ಕಡೆ ಎಷ್ಟು ಜನರ ಹೊಟ್ಟೇಲಿ ಜಂತುಹುಳ ಇದೆ ಅಂತ ತಿಳಿಯೋ ಸರ್ವೆ. ಜಾಸ್ತಿ ಅಂತ ಗೊತ್ತಾದರೆ ಎಲ್ಲರಿಗೂ ಪುಕ್ಕಟೆ ಮಾತ್ರೆ ಬರುತ್ತೆ. ಆದರೆ ಗೊತ್ತಾಗಬೇಕಲ್ಲ.

ಕುಕ್ ಟೌನ್

ಹಳೇ ಬಂಗಲೆಯ ಅಮ್ಮಾವ್ರು ಗೇಟು ತೆಗೀದೇನೇ ಮಾತಾಡಿದರು. ಅವರ ಮನೇಲಿ ಫಿಲ್ಟರ್ ನೀರಂತೆ, ಹುಳ ಬೇಕಿದ್ದರೆ ಹಿಂದಿನ ಗಲ್ಲಿಗೆ ಹೋಗಬೇಕಂತೆ. ಹೋದೆ. ಗಲ್ಲಿಯ ಇಸ್ತ್ರಿ ಅಂಗಡಿಯವನು, ನಾವು ದಿನಾ ಬಿಸಿ ಅಡುಗೆ ಉಣ್ಣೋರು, ಫ್ರಿಜ್ಜಲ್ಲಿಟ್ಟು ತಿನ್ನೋದು ಬಂಗಲೆಯವರು, ಅಲ್ಲೇ ಕೇಳಿ ಅಂದ. ಸಂಜೆವರೆಗೂ ಅಲೆದೆ. ಊರಿನ ಹುಳವೆಲ್ಲ ಪಕ್ಕದ ಮನೇಲೇ ಇತ್ತು. ಆ ಪಕ್ಕದ ಮನೆ ಮಾತ್ರ ನನಗೆ ಸಿಗಲಿಲ್ಲ.

ಹಲಸೂರು

ಇಲ್ಲೊಬ್ಬ ಅಜ್ಜಿ ನಗುತ್ತಾ ಡಬ್ಬಿ ಇಸ್ಕೊಂಡರು. ಮಾರನೇ ದಿನ ಪೇಪರಲ್ಲಿ ಸುತ್ತಿ ಕೊಟ್ಟರು, ಭಾರವಾಗೇ ಇತ್ತು. ಕೊನೆಗೂ ಒಬ್ಬರಾದರೂ ಕೊಟ್ಟರಲ್ಲ ಅಂತ ಕಣ್ಣಲ್ಲಿ ನೀರು ಬಂತು. ಲ್ಯಾಬಿನವರು ಬಿಚ್ಚಿ ನೋಡಿದರೆ ಒಳಗೆ ಸಕ್ಕರೆ. ವಾಪಸ್ ಹೋಗಿ ವಿಚಾರಿಸಿದೆ. ಡಬ್ಬಿ ಯಾಕೆ ಕೊಟ್ಟಿದ್ದು ಅನ್ನೋದು ಅವರಿಗೆ ಮರೆತೇ ಹೋಗಿತ್ತು.

"ಖಾಲಿ ಡಬ್ಬಿ ತಿರುಗಿ ಕೊಡಬಾರದಲ್ಲಪ್ಪಾ" ಅಂದರು.

ಕೆ.ಆರ್. ಪುರ

ಮೊದಲು ಹೊಲ ಇದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನ ಕಟ್ಟಿಸಿದ ಯಜಮಾನರು. ಮನೇಲಿ ಆರು ಜನ. ಸೊಸೆ ಬಿಳಿಚಿಕೊಂಡಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು. ಅವಳದ್ದನ್ನ ನೋಡಲೇಬೇಕು ಅಂತ ಒತ್ತಿ ಹೇಳಿ ಬಂದೆ. ಮಾರನೇ ದಿನ ಆರೂ ಡಬ್ಬಿ ತುಂಬಿ ಬಂದವು. ಆರರಲ್ಲೂ ರಕ್ತ ಹೀರೋ ಕೊಕ್ಕೆಹುಳ. ನಮ್ಮ ಡಾಕ್ಟರು ಗಾಬರಿಯಾಗಿ, ಊರಿಗೂರೇ ಹೀಗಿರಬಹುದು ಅಂತ ಆರು ಮಾತ್ರೆ ಕೊಟ್ಟು ಕಳಿಸಿದರು.

ಯಜಮಾನರು ಕೂರಿಸಿ ಕಾಫಿ ಕೊಟ್ಟರು. ಮನೆಯವರಿಗೆಲ್ಲ ಹುಳ ಇದೆ ಅಂದಾಗ ಅವರಿಗೆ ಬೇಸರವೇ ಆಗಲಿಲ್ಲ.

"ಮನೆಯವರೆಲ್ಲ ನಾಚ್ಕೊಂಡ್ರು ಸಾರ್. ನೀವು ಬರಿಗೈಲಿ ಹೋಗಬಾರದು ಅಂತ ಎಲ್ಲಾ ಡಬ್ಬೀನೂ ನಾನೇ ತುಂಬಿಸಿದೆ."

ನನಗೆ ಅಳಬೇಕೋ ನಗಬೇಕೋ ತಿಳೀಲಿಲ್ಲ. ಇನ್ನೊಂದು ಡಬ್ಬಿ ತೆಗೆದು, ಸೊಸೆಯನ್ನೇ ಕರೆಸಿ ಅವಳ ಕೈಗೇ ಕೊಟ್ಟೆ. ಇದು ನಿಮ್ಮ ಆರೋಗ್ಯದ ವಿಷಯ, ನಿಮ್ಮದೇ ಆಗಬೇಕು ಅಂದೆ. ಅವಳು ತಲೆ ತಗ್ಗಿಸಿಕೊಂಡೇ ಆಗಲಿ ಅಂದಳು. ಸದ್ಯ, ಒಂದಾದರೂ ನಿಜವಾದ ಲೆಕ್ಕ ಸಿಕ್ಕೀತು ಅಂತ ಎದ್ದೆ.

ಯಜಮಾನರ ಕಣ್ಣು ನನ್ನ ಕೈಲಿದ್ದ ಮಾತ್ರೆ ಮೇಲೇ ಇತ್ತು.

"ಹಾಗಾದ್ರೆ ಸಾರ್, ಆ ಆರು ಮಾತ್ರೇನೂ ನಾನೇ ನುಂಗಬೇಕಲ್ವಾ?"