ಮಾಮಾನ ದೋಣಿಗೆ ಬಂದ ಅತಿಥಿಗಳು

ನನ್ನ ಗಂಡನ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಹೇಳುವುದಿಲ್ಲ. ಹಾಗೆ ಹೇಳುವವರು ಲಾಸ್ ಏಂಜಲೀಸ್ ಕನ್ನಡಿಗರಲ್ಲಿ ಆಗಲೇ ಬೇಕಾದಷ್ಟು ಜನ ಇದ್ದರು! ಅಲ್ಲ, ನೀವೇ ಹೇಳಿ: ಧಾರವಾಡದಲ್ಲಿ ಹುಟ್ಟಿ, ಈಜಲು ಬಾರದೆ ಬೆಳೆದ ಮನುಷ್ಯ, ರಿಟೈರ್ ಆದದ್ದೇ ತಡ, ಗ್ಲೆಂಡೇಲ್‌ನ ಮನೆ ಮಾರಿ, ಸ್ಯಾನ್ ಪೀಡ್ರೊ ಬಂದರಿನಲ್ಲಿ ಹಾಯಿದೋಣಿ ಕೊಂಡು, ಹೆಂಡತಿ ಸಮೇತ ಅದರಲ್ಲೇ ಸಂಸಾರ ಹೂಡಿದರೆ ಏನನ್ನಬೇಕು?

"ಈಜು ಯಾಕ ಬೇಕವಾ? ವಿಮಾನದಾಗ ಕೂಡೋರಿಗೆಲ್ಲ ಹಾರ್ಲಿಕ್ಕೆ ಬರ್ತದೇನು?" ಎಂದು ನನ್ನನ್ನೇ ಕೇಳಿದರು ಮಾಮಾ. ಕೇಳುವಾಗ ಪಂಚೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟಿದ್ದರು. ಊಟಕ್ಕೆ ಕೂತಾಗಲೂ ಅದನ್ನು ಬಿಚ್ಚುತ್ತಿರಲಿಲ್ಲ!

ಒಂದು ಶನಿವಾರ ನಾವು ವುಡ್‌ಲ್ಯಾಂಡ್ ಹಿಲ್ಸ್‌ನ ನಮ್ಮ ಮನೆಯಿಂದ ಅವರನ್ನು ನೋಡಲು ಹೋದರೆ, ಮಾಮಾ ತರಕಾರಿ ಚೀಲ ಹಿಡಿದು ದಂಡೆಯಲ್ಲೇ ನಿಂತಿದ್ದಾರೆ. ದೋಣಿಯ ಮೇಲೆ, ಸರಿಯಾಗಿ ಒಳಗಿಳಿಯುವ ಬಾಗಿಲಿಗೆ ಅಡ್ಡವಾಗಿ, ಎಮ್ಮೆಯಂಥ ಕಡಲಸಿಂಹವೊಂದು, ಅದೇ ಸೀ ಲಯನ್, ಬಿಸಿಲು ಕಾಯಿಸುತ್ತಾ ಮಲಗಿದೆ! ಮಾಮಿ ಒಳಗೆ, ಮಾಮಾ ಹೊರಗೆ.

"ಸಾಹೇಬ್ರ, ಸ್ವಲ್ಪ ಆ ಕಡೆ ಸರೀರಿ," ಎಂದು ಮಾಮಾ ಕೈಮುಗಿದರು. ಸಾಹೇಬರು ಒಂದು ಸಲ ಬೊಗಳಿ ಮಗ್ಗುಲಾದರು. ಅಷ್ಟರಲ್ಲಿ ಬಂದ ಬಂದರಿನ ಕಾವಲುಗಾರ, ಅದನ್ನು ಮುಟ್ಟುವಂತಿಲ್ಲ, ಕಾನೂನಿದೆ, ಮನಸ್ಸು ಬಂದಾಗ ತಾನೇ ಹೋಗುತ್ತದೆ ಎಂದ.

"ಹಂಗಾದ್ರ ಇದು ನಮ್ಮ ಬೀಗರ ಪೈಕಿನ ಇರಬೇಕು!" ಎಂದರು ಮಾಮಾ.

ಒಳಗಿನಿಂದ ಮಾಮಿಯ ದನಿ ಬಂತು: "ನೀವು ಅಲ್ಲೇ ನಿಂದರ್ರಿ. ನನಗ ಹಸಿವಿ ಆಗೇದ, ನಾ ಅಡಗಿ ಮಾಡ್ತೀನಿ."

ಸ್ವಲ್ಪ ಹೊತ್ತಿಗೆ ಒಣಮೆಣಸಿನಕಾಯಿ ಒಗ್ಗರಣೆಯ ಘಾಟು ಬಾಗಿಲ ಸಂದಿಯಿಂದ ಮೇಲೆದ್ದಿತು. ಸಾಹೇಬರು ತಲೆ ಎತ್ತಿದರು, ಮೀಸೆ ಕೊಡವಿದರು, ದೋಣಿಯೇ ಅಲುಗುವಂತೆ ಸೀನಿ ನೀರಿಗೆ ಧುಮುಕಿದರು! ಸ್ವಂತ ಮನೆಯಲ್ಲಿ ಒಗ್ಗರಣೆ ಹಾಕಬಾರದೆಂದು ಯಾವ ಕಾನೂನಿದೆ, ಹೇಳಿ?

ಇನ್ನೊಮ್ಮೆ ಕಡಲಹಕ್ಕಿಯೊಂದು ಮಾಮಾನ ಕೈಯಿಂದಲೇ ಜೋಳದ ರೊಟ್ಟಿ ಕಿತ್ತುಕೊಂಡು ಹಾರಿತು. ಅವರಿಗೆ ರೊಟ್ಟಿ ಹೋದ ದುಃಖವಿಲ್ಲ. "ಶೇಂಗಾ ಚಟ್ನಿ ಬಿಟ್ಟು ಹೋತಲ್ಲೋ! ಅಮೆರಿಕದ ಹಕ್ಕಿ, ಖಾರ ತಡಿಯೂದಿಲ್ಲ," ಎಂದು ಸಿಕ್ಕವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಇಂಥವರ ದೋಣಿಯಲ್ಲಿ 2004ರ ವಸಂತದಲ್ಲಿ ನಾನು, ನನ್ನ ಗಂಡ, ನಮ್ಮ ಪುಟ್ಟ ಮಗಳು ಮೂವರೂ ಸ್ಯಾನ್ ಡಿಯಾಗೊಗೆ ಹೊರಟೆವು. ನಮ್ಮ ಧೈರ್ಯ ನೋಡಿ! ಗಾಳಿ ಬಿದ್ದುಹೋಗಿತ್ತು, ಎಂಜಿನ್ ಗುಡುಗುಡು ಎನ್ನುತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಮಗಳು "ವೇಲ್! ವೇಲ್!" ಎಂದು ಕಿರುಚಿದಳು. ಮಾಮಾ ತಕ್ಷಣ ಎಂಜಿನ್ ನಿಲ್ಲಿಸಿದರು.

ಎದುರಿನಿಂದ ಬೂದುಬಣ್ಣದ ತಿಮಿಂಗಿಲವೊಂದು ಉತ್ತರಕ್ಕೆ ಹೊರಟಿತ್ತು, ಮಗ್ಗುಲಲ್ಲಿ ಮರಿ. ಮರಿಗೆ ನಮ್ಮನ್ನು ನೋಡುವ ಕುತೂಹಲ. ತೀರಾ ಹತ್ತಿರ ಬಂತು. ತಾಯಿ ಮೆಲ್ಲಗೆ ನಡುವೆ ಬಂದು, ಮೈಯಿಂದಲೇ ಅದನ್ನು ಆಚೆಗೆ ಸರಿಸಿತು.

"ಹೌ ಓಲ್ಡ್ ಈಸ್ ದ ಬೇಬಿ?" ಎಂದಳು ಮಗಳು.

"ನಮ್ಮ ಕೂಸಿನಷ್ಟ ಇರಬೇಕು," ಎಂದರು ಮಾಮಿ, ನೀರನ್ನೇ ನೋಡುತ್ತಾ.

ನನ್ನ ಗಂಡ ತಲೆ ತಗ್ಗಿಸಿದ. ಮಾಮಾ, ಮಾಮಿ ಅಮೆರಿಕಕ್ಕೆ ಬಂದ ಹೊಸತರಲ್ಲಿ ಅವರಿಗೆ ಒಂದು ಹೆಣ್ಣುಮಗು ಹುಟ್ಟಿ, ಕೆಲವೇ ತಿಂಗಳಿಗೆ ಹೋಗಿತ್ತಂತೆ. ನಮ್ಮ ಮನೆಯಲ್ಲಿ ಯಾರೂ ಅವರ ಮುಂದೆ ಆ ಮಾತೆತ್ತುತ್ತಿರಲಿಲ್ಲ. ಮಾಮಾ ಹೋಗಿ ಮಾಮಿಯ ಪಕ್ಕ ಕೂತು, ಅವರ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡರು.

"ಹುಷಾರಾಗಿ ಕರಕೊಂಡು ಹೋಗವಾ," ಎಂದರು ಮಾಮಿ ತಿಮಿಂಗಿಲಕ್ಕೆ.

ಮಗಳು ಮಾಮಿಯ ಹತ್ತಿರ ಸರಿದು, ತನ್ನ ತೊದಲು ಕನ್ನಡದಲ್ಲಿ ಕೇಳಿದಳು: "ಅಜ್ಜಿ, ನಿಮ್ಮ ಪಾಪು ಹೆಸರು ಏನು?"

ಮಾಮಿ ಮಾಮಾನ ಮುಖ ನೋಡಿದರು. ಆಮೇಲೆ ಇಬ್ಬರೂ ಒಟ್ಟಿಗೇ ಹೇಳಿದರು.