ದೊಡ್ಡವ್ವನ ದವಾಖಾನಿ

ಕಂಪ್ಯೂಟರ್ ಕಲಿಸುವವನು ನಗುವಿನ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ಆಗ ಕಂಪ್ಯೂಟರ್ ಇರುವ ಕೋಣೆಗೆ ಎಲ್ಲರೂ ಚಪ್ಪಲಿ ಬಿಟ್ಟೇ ಬರುತ್ತಿದ್ದರು, ದೇವರ ಮನೆಗೆ ಬಂದ ಹಾಗೆ.

ನಮ್ಮೂರಿಗೆ ಇನ್ನೂ ಗುಲಬರ್ಗಾ ಎಂಬ ಹೆಸರಿದ್ದ ಕಾಲ. ಸ್ಟೇಶನ್ ಬಜಾರದ ಒಂದು ಲಾಡ್ಜಿನ ಮಾಳಿಗೆಯ ಮೇಲೆ ನನ್ನ ಕ್ಲಾಸು. ಹೈದರಾಬಾದಿನಿಂದ ಮಷೀನು ತಂದಾಗ ಅಂಗಡಿಯವನು ಒಂದು ಆಟದ ಸಿ.ಡಿ.ಯನ್ನೂ ಕೈಗಿತ್ತಿದ್ದ. ಆಟವೆಂದರೆ ಆಸ್ಪತ್ರೆ ನಡೆಸುವುದು. ಖಾಲಿ ಕಟ್ಟಡದಲ್ಲಿ ಕೋಣೆ ಕಟ್ಟಬೇಕು, ಡಾಕ್ಟರು ನರ್ಸುಗಳನ್ನು ಇಟ್ಟುಕೊಳ್ಳಬೇಕು, ಅವರು ದಣಿದರೆ ಕೂರಲು ಬೇರೆ ಕೋಣೆ ಕೊಡಬೇಕು, ರೋಗಿಗಳು ಸಾಯದಂತೆ ನೋಡಿಕೊಳ್ಳಬೇಕು. ರೋಗಗಳೂ ಅಂಥವೇ: ಒಬ್ಬನ ಕಿವಿ ಮೊರದಗಲ, ಇನ್ನೊಬ್ಬಳಿಗೆ ಬಿಕ್ಕಳಿಕೆ ಬಂದರೆ ತಲೆ ಸೂರಿಗೆ ಬಡಿಯುತ್ತಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ ನಾನು ಈ ಆಸ್ಪತ್ರೆಯ ಮಾಲಕ.

ಕಮಲಾಪುರದ ನನ್ನ ದೊಡ್ಡವ್ವ, ಎಂದರೆ ಅವ್ವನ ಅಕ್ಕ, ಅಲ್ಲಿ ಕಾಲಿಟ್ಟ ದಿನ ನನ್ನ ಮಾಲಕತನ ಮುಗಿಯಿತು. ಆ ಮಧ್ಯಾಹ್ನಗಳು ಇನ್ನೊಮ್ಮೆ ಸಿಗಬಾರದೇ ಅನ್ನಿಸುತ್ತದೆ.

ಸೂಜಿ ಎಲ್ಲಿ?

ದೊಡ್ಡವ್ವ ಬುಟ್ಟಿಯ ತುಂಬ ಕೆಂಪು ಬಾಳೆಹಣ್ಣು ಹೊತ್ತು ಬಸ್ಸಿನಲ್ಲಿ ಬರುತ್ತಿದ್ದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರನ್ನು ದನಿಯಿಂದ, ಬಸ್ಸನ್ನು ಕಂಡಕ್ಟರನ ಕೂಗಿನಿಂದ ಗುರುತು ಹಿಡಿಯುತ್ತಿದ್ದಳು. ಆಪರೇಶನ್ ಆಗಲೇಬೇಕು, ತಡ ಮಾಡಿದರೆ ಪೂರ್ತಿ ಕತ್ತಲೆ ಎಂದು ಡಾಕ್ಟರು ಹೇಳಿಯಾಗಿತ್ತು. ಇವಳು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲೊಲ್ಲಳು. ನಮ್ಮ ದೊಡ್ಡಪ್ಪ ಆಸ್ಪತ್ರೆಗೆ ತನ್ನ ಕಾಲ ಮೇಲೆ ನಡೆದು ಹೋದವನು ತಿರುಗಿ ಬಂದಿರಲಿಲ್ಲ. ಅಂದಿನಿಂದ ದವಾಖಾನಿ ಎಂಬ ಮಾತೆತ್ತಿದರೆ ಎದ್ದು ಹೋಗುತ್ತಿದ್ದಳು.

"ಇದೇನು ಗದ್ಲ ತಮ್ಮಾ?" ಎಂದಳು ಮೊದಲ ದಿನ.

"ದವಾಖಾನಿ ಆಟ, ದೊಡ್ಡವ್ವ."

ಎದ್ದು ಹೋಗುತ್ತಾಳೆಂದುಕೊಂಡೆ. ಆಟ ಎಂದದ್ದಕ್ಕೋ ಏನೋ, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಬಂದು ಕೂತಳು. ಮೊರಗಿವಿಯವನು ಒಳಗೆ ಹೋದ, ಒಂದು ಯಂತ್ರದಲ್ಲಿ ತಲೆಯಿಟ್ಟ, ಸಣ್ಣ ಕಿವಿಯವನಾಗಿ ಹೊರಗೆ ಬಂದ. ಎಲ್ಲವನ್ನೂ ನಾನೇ ಬಿಡಿಸಿ ಹೇಳಿದೆ.

"ಸೂಜಿ ಮಾಡ್ಲಿಲ್ಲಲ್ಲ?"

"ಇಲ್ಲಿ ಸೂಜಿ ಇಲ್ಲ ದೊಡ್ಡವ್ವ."

"ಸೂಜಿ ಇಲ್ದ ಆರಾಮ ಆಯ್ತೇನು?"

"ಆಯ್ತಲ್ಲ, ನಡಕೋತ ಹೊಂಟಾನ."

ದೊಡ್ಡವ್ವ ತಲೆಯಾಡಿಸಿದಳು. "ಹಂಗಾರ ಅವಗ ಜಡ್ಡೇ ಇದ್ದಿಲ್ಲ. ಹೊಲದ ಕೆಲಸ ತಪ್ಪಿಸ್ಲಾಕ ಬಂದಾನ."

ಡಾಕ್ಟರು ಎಲ್ಲಿದ್ದಾರೆ?

ಮುಂದಿನ ಸಲದಿಂದ ಬಾಳೆಹಣ್ಣು ಬರೀ ನೆಪವಾಯಿತು. ದೊಡ್ಡವ್ವ ಕೂತಲ್ಲಿಂದಲೇ ಹುಕುಂ ಹೊರಡಿಸುವುದು, ನಾನು ಮೌಸು ಹಿಡಿದು ಓಡಾಡುವುದು.

ಆಟದಲ್ಲಿ ಒಬ್ಬ ಹೆಂಗಸು ಆಗಾಗ ಮೈಕಿನಲ್ಲಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ನಮ್ಮ ಕಿಟಕಿಯೋ ರೈಲ್ವೆ ಸ್ಟೇಶನ್ನಿನ ಕಡೆಗೆ. ಒಂದು ದಿನ ಡಾಕ್ಟರ ಕೋಣೆಯ ಮುಂದೆ ಈ ತುದಿಯಿಂದ ಆ ತುದಿಗೆ ಸಾಲು ನಿಂತಿದೆ, ಡಾಕ್ಟರು ನಾಪತ್ತೆ. ಅಷ್ಟರಲ್ಲಿ ಕಿಟಕಿಯಿಂದ ಸ್ಟೇಶನ್ನಿನ ಮೈಕಿನ ಹೆಂಗಸಿನ ದನಿ ಬಂತು: "ತಡವಾಗಿ ಬರುತ್ತಿದೆ. ನಿಮಗಾದ ಅಡಚಣೆಗೆ ವಿಷಾದಿಸುತ್ತೇವೆ."

ದೊಡ್ಡವ್ವ ಮೇಜು ಗುದ್ದಿದಳು. "ಇಷ್ಟು ಮಂದಿ ನಿಂತಾರ, ಡಾಕ್ಟರ್ ತಡಾ ಮಾಡಿ ಬರ್ತಾನಂತ! ಈಗ ಎಲ್ಲಿ ಅದಾನ ಕೇಳು ಆಕೀಗಿ!"

ನಗು ತಡೆದುಕೊಂಡು, ರೈಲಿನ ಲೆಕ್ಕದಲ್ಲೇ, "ವಾಡಿ ಜಂಕ್ಷನ್ ಬಿಟ್ಟಾನಂತ ದೊಡ್ಡವ್ವ" ಎಂದೆ.

ಅವಳಿಗೆ ಸಮಾಧಾನವಾಯಿತು. "ಹಂಗಾರ ಇನ್ನೇನು ಬಂದ ಬಿಡು. ಮಂದಿಗಿ ಕುಂಡ್ರಾಕ ಹೇಳು."

ಬಾಗಿಲ ಕಡೆಯ ಕಣ್ಣು

ಕೋಣೆಗಳೂ ಯಂತ್ರಗಳೂ ದೊಡ್ಡವ್ವನಿಗೆ ಬೇಕಾಗಿರಲಿಲ್ಲ ಎಂದು ನನಗೆ ಹೊಳೆದದ್ದು ತಡವಾಗಿ. ಅವಳು ಕೇಳುತ್ತಿದ್ದದ್ದು ಒಂದೇ ಮಾತು.

"ಮೊರಗಿವಿಯಾವ ಹೊರಗ ಬಂದನೇನು?"

"ಬಂದ."

"ಆ ಬಿಕ್ಕಳಿಕಿ ಹೆಣ್ಮಗಳು?"

"ಆಕೀನೂ ಬಂದಳು."

ಒಳಗೆ ಹೋದವರು ಹೊರಗೆ ಬರುತ್ತಾರೋ ಇಲ್ಲವೋ, ಅದೊಂದೇ ಅವಳ ಲೆಕ್ಕ. ಅದು ತಿಳಿದ ಮೇಲೆ ನಾನು ಮೈಯೆಲ್ಲ ಕಣ್ಣಾಗಿ ಆಡಿದೆ. ಯಾರಾದರೂ ತೂಕಡಿಸಿದರೂ ಸಾಕು, ಉಳಿದ ಕೆಲಸ ಬಿಟ್ಟು ಅವರ ಹಿಂದೆ ಡಾಕ್ಟರನ್ನು ಓಡಿಸುತ್ತಿದ್ದೆ. ಖರೇ ಆಸ್ಪತ್ರೆಯಲ್ಲೂ ಅಷ್ಟು ಜೋಪಾನ ಇರಲಿಕ್ಕಿಲ್ಲ.

ಒಂದು ಮಧ್ಯಾಹ್ನ ದೊಡ್ಡವ್ವ ತಾನೇ ಬಾಯಿ ಬಿಟ್ಟಳು. "ಕಿವಿ ಮೊರದಷ್ಟು ಆದಾವ ಹೊಳ್ಳಿ ಬರ್ತಾನ. ನಂದೇನು, ಕಣ್ಣಾಗ ಇಷ್ಟೇ ಇಷ್ಟು ಪೊರೆ. ನಡಿ ತಮ್ಮಾ, ಕರ್ಕೊಂಡು ಹೋಗು."

ಎಷ್ಟು ದಿನದಿಂದ ಕಾಯುತ್ತಿದ್ದ ಮಾತು! ಮನಸ್ಸು ಬದಲಾಯಿಸುವ ಮೊದಲೇ ಆಟೋ ಕರೆಯೋಣವೆಂದು ದಡಕ್ಕನೆ ಎದ್ದೆ. ದೊಡ್ಡವ್ವ ಕೈ ಹಿಡಿದು ಕೂರಿಸಿದಳು.

"ಈಗೇನು ಅವಸರ? ಖೋಲಿ ಹೊರಗ ಜಡ್ಡಿನ ಮಂದಿ ನಿಂತಾರ, ಅವ್ರದು ಮದ್ಲು ಮುಗಿಸು."

ಹೋಗುವುದೋ, ಬರುವುದೋ

ಗುಲಬರ್ಗಾದ ಒಂದು ಸಣ್ಣ ಕಣ್ಣಿನ ಆಸ್ಪತ್ರೆ. ಡಾಕ್ಟರು ಎಳೆ ವಯಸ್ಸಿನವರು, ಮಾಲಕರಾದ ದೊಡ್ಡ ಡಾಕ್ಟರ ಕೈಕೆಳಗೆ ದುಡಿಯುವವರು, ಬೆಳಗಿನಿಂದ ನಿಂತು ಸೋತಿದ್ದರು. ಅವರು ದೊಡ್ಡವ್ವನಿಗೆ ಏನಾದರೂ ಕೇಳುವ ಮೊದಲೇ ಅವಳು ಅವರಿಗೆ ಕೇಳಿದಳು.

"ನಿಮಗ ಚಾ ಕುಡದು ಕುಂಡ್ರಾಕ ಬ್ಯಾರೆ ಖೋಲಿ ಅದೇನ್ರಿ?"

"ಇಲ್ಲವ್ವ."

"ಅದು ತಪ್ಪು. ನಮ್ಮ ದವಾಖಾನಿದಾಗ ಅದ. ದಣಿದ ಡಾಕ್ಟರ್‌ಗಿ ಕುಂಡ್ರಸಲಿಲ್ಲಂದ್ರ ನೌಕರಿ ಬಿಟ್ಟು ಹೋಗಿಬಿಡ್ತಾನ."

"ನಿಮ್ಮ ದವಾಖಾನಿ?"

"ಹೂಂ. ಸ್ಟೇಶನ್ ಬಜಾರದಾಗ, ಲಾಡ್ಜಿನ ಮ್ಯಾಲ."

ಡಾಕ್ಟರು ನನ್ನ ಕಡೆ ನೋಡಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನರ್ಸು ನನ್ನನ್ನು ಹೊರಗೆ ಕಳಿಸಿ ಕದ ಹಾಕಿದಳು. ಆ ಕದದ ಮುಂದೆ ನಿಂತು, ಒಳಗೆ ಹೋದವಳು ಹೊರಗೆ ಬರುವುದನ್ನೇ ಕಾದೆ.

ಮರುದಿನ ಪಟ್ಟಿ ಬಿಚ್ಚಿ ಡಾಕ್ಟರು ಕೈ ಎತ್ತಿದರು. "ಎಷ್ಟು ಬೆರಳವ್ವ?"

"ಬೆರಳು ಇರ್ಲಿ, ನಿಮ್ಮ ಅಂಗಿ ಗುಂಡಿ ಕಿತ್ತು ಹೋಗ್ಯಾದ, ಹಚ್ಕೋರಿ."

ಡಾಕ್ಟರು ನಕ್ಕರು. ನಾನು ಎಲ್ಲರೆದುರೇ ಅತ್ತುಬಿಟ್ಟೆ.

ಕೆಲವು ತಿಂಗಳಿಗೆ ಇನ್ನೊಂದು ಕಣ್ಣೂ ಆಯಿತು. ಕೊನೆಯ ತಪಾಸಣೆ ಮುಗಿಸಿ ಎದ್ದ ದೊಡ್ಡವ್ವ ಬಾಗಿಲಲ್ಲಿ ನಿಂತವಳು ನಿಂತೇಬಿಟ್ಟಳು. ನಮ್ಮಲ್ಲಿ ಯಾರೂ ಹೊರಡುವಾಗ "ಹೋಗ್ತೀನಿ" ಅನ್ನುವುದಿಲ್ಲ, ಅದು ಅಪಶಕುನ, "ಬರ್ತೀನಿ" ಅನ್ನಬೇಕು. ಆದರೆ ದವಾಖಾನೆಗೆ "ಬರ್ತೀನಿ" ಅನ್ನಲು ಯಾರಿಗೆ ಮನಸ್ಸಾದೀತು? ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ಹಿಂದಿನವರು "ಸರೀರಿ ಯವ್ವಾ" ಎನ್ನತೊಡಗಿದರು. ಕಡೆಗೆ ಅವಳ ಮುಖ ಅರಳಿತು.

"ಡಾಕ್ಟರ್ ಸಾಬ್ರ, ನಾ ಬರಂಗಿಲ್ಲ. ನೀವೇ ನಮ್ಮ ದವಾಖಾನಿಗಿ ಬರ್ರಿ. ನಿಮ್ಮಂಥೋರು ಬೇಕಾಗ್ಯಾರ."

ಹೇಳಿದವಳೇ ಯಾರ ಕೈಯೂ ಹಿಡಿಯದೆ ದಡದಡ ಮೆಟ್ಟಿಲಿಳಿದು ಹೋದಳು. ನಾನೂ ಹಿಂದೆ ಹೊರಟೆ. ಡಾಕ್ಟರು ನನ್ನ ತೋಳು ಹಿಡಿದು ನಿಲ್ಲಿಸಿದರು. ದೊಡ್ಡ ಡಾಕ್ಟರು ಎಲ್ಲಾದರೂ ಇದ್ದಾರೇನೋ ಎಂದು ಆಚೀಚೆ ನೋಡಿ, ದನಿ ಇಳಿಸಿ ಕೇಳಿದರು:

"ಅಲ್ರೀ, ನಿಮ್ಮಲ್ಲಿ ಐತವಾರ ಸೂಟಿ ಕೊಡ್ತೀರೇನು?"